ಮಾರ್ಪಡಿಸಿದ ಟರ್ಬೊ ಕಾರಿಗೆ ಇಸಿಯು ರೀಮ್ಯಾಪ್ ಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ. ಕಾರ್ಖಾನೆಯಿಂದ ಬಂದಾಗ 180 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಡಿಎಸ್‌ಜಿ ಎಂಬ ಏಳು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸ್. ಮೊದಲು ಎಂಜಿನ್ನಿಗೆ ಗಾಳಿ ತರುವ ಏರ್ ಇಂಟೇಕ್ ಬಂತು, ಮರುವರ್ಷ ಆ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್ ಬಂತು. ರೀಮ್ಯಾಪ್, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಗಳ ತಿದ್ದುಪಡಿ, ಮಾಡಿಸಿದ್ದು ಅದಾದ ಒಂದೂವರೆ ವರ್ಷಕ್ಕೆ. ಅಷ್ಟು ದಿನ ಕಾದದ್ದು ಹಣದ ಕಾರಣಕ್ಕಲ್ಲ. ಯಾರನ್ನು ಕೇಳಿದರೂ ‘ಮಾಡಿಸಿಬಿಡಿ’ ಅಥವಾ ‘ಎಂಜಿನ್ ಹಾಳಾಗುತ್ತದೆ, ಬೇಡ’ ಎಂಬ ಎರಡೇ ಉತ್ತರ ಸಿಗುತ್ತಿದ್ದವು. ಎರಡಕ್ಕೂ ಕಾರಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆ ಕಾರಣಗಳನ್ನು ಹುಡುಕುತ್ತಾ ಕಲಿತದ್ದು, ಆಮೇಲೆ ಸ್ನೇಹಿತರ ಪೋಲೊ, ಬಲೆನೊ ಆರ್‌ಎಸ್, ನೆಕ್ಸಾನ್‌ಗಳ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತಾಗ ಕಂಡದ್ದು ಇಲ್ಲಿದೆ.

ರೀಮ್ಯಾಪ್ ಎಂದರೆ ಕಾರಿನಲ್ಲಿ ನಿಜವಾಗಿ ಬದಲಾಗುವುದು ಏನು?

ಎಂಜಿನ್ನಿನ ಕಂಪ್ಯೂಟರ್ ಅಂದರೆ ಇಸಿಯು ಒಳಗೆ ಕೋಷ್ಟಕಗಳಿವೆ. ಇಷ್ಟು ಆರ್‌ಪಿಎಂ, ಇಷ್ಟು ಗಾಳಿ ಇದ್ದಾಗ ಎಷ್ಟು ಇಂಧನ ಚಿಮ್ಮಬೇಕು, ಪಿಸ್ಟನ್ ಮೇಲೆ ಬರುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರಬೇಕು, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡಬೇಕು ಎಂಬ ಲೆಕ್ಕಗಳು ಅವುಗಳಲ್ಲಿರುತ್ತವೆ. ಇವುಗಳಿಗೆ ಮ್ಯಾಪ್ ಎನ್ನುತ್ತಾರೆ. ರೀಮ್ಯಾಪ್ ಮಾಡುವವರು ಈ ಅಂಕಿಗಳನ್ನು ತಿದ್ದಿ ಮತ್ತೆ ಇಸಿಯುಗೆ ಬರೆಯುತ್ತಾರೆ.

ಇಂದಿನ ಟರ್ಬೊ ಕಾರುಗಳಲ್ಲಿ ನಾವು ಆಕ್ಸಿಲರೇಟರ್ ತುಳಿದಾಗ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ನೇರವಾಗಿ ತೆರೆಯುವುದಿಲ್ಲ. ತುಳಿತವು ‘ಇಷ್ಟು ಟಾರ್ಕ್ ಬೇಕು’ ಎಂಬ ಬೇಡಿಕೆಯಾಗಿ ಇಸಿಯುಗೆ ಹೋಗುತ್ತದೆ. ಆ ಟಾರ್ಕಿಗೆ ಎಷ್ಟು ಗಾಳಿ ಬೇಕು, ಅಷ್ಟು ಗಾಳಿಗೆ ಎಷ್ಟು ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಬೇಕು, ಅಷ್ಟು ಬೂಸ್ಟಿಗೆ ವೇಸ್ಟ್‌ಗೇಟ್ (ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ತಾಗಿಸದೆ ಹೊರಗೆ ಬಿಡುವ ಬಾಗಿಲು) ಎಷ್ಟು ಮುಚ್ಚಬೇಕು ಎಂದು ಇಸಿಯು ಲೆಕ್ಕ ಹಾಕುತ್ತಾ ಹೋಗುತ್ತದೆ. ಪ್ರತಿ ಹಂತದಲ್ಲೂ ಒಂದೊಂದು ಮೇಲ್ಮಿತಿ ಇರುತ್ತದೆ. ಮುಂದಿನ ಉತ್ತರಗಳೆಲ್ಲ ಈ ಸರಪಳಿಯನ್ನೇ ನೆಚ್ಚಿಕೊಂಡಿರುವುದರಿಂದ ಇದನ್ನು ನೆನಪಿನಲ್ಲಿಡಿ.

ಇಂಟೇಕ್, ಇಂಟರ್‌ಕೂಲರ್, ಎಕ್ಸಾಸ್ಟ್ ಎಲ್ಲ ಬದಲಿಸಿದ್ದೇನೆ. ರೀಮ್ಯಾಪ್ ಮಾಡಿಸಲೇಬೇಕೆ?

ಏನು ಬದಲಿಸಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ‘ಇಷ್ಟೆಲ್ಲ ಹಾಕಿಸಿದ ಮೇಲೆ ರೀಮ್ಯಾಪ್ ಇಲ್ಲದಿದ್ದರೆ ದಂಡ’ ಎಂಬ ಮಾತನ್ನು ಹಾಗೆಯೇ ನಂಬಬೇಡಿ.

ಸೈಲೆನ್ಸರ್‌ನ ಹಿಂಭಾಗ ಮಾತ್ರ ಬದಲಾಗಿದ್ದರೆ ಇಸಿಯುಗೆ ಅದು ಗೊತ್ತೇ ಆಗುವುದಿಲ್ಲ. ಇಂಟರ್‌ಕೂಲರ್ ದೊಡ್ಡದಾದರೆ ಎಂಜಿನ್ನಿಗೆ ತಣ್ಣನೆಯ ಗಾಳಿ ಸಿಗುತ್ತದೆ. ನಮ್ಮ ಬೇಸಿಗೆಯಲ್ಲಿ 35 ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಿದರೆ ಅದರ ಉಷ್ಣಾಂಶ 100 ಡಿಗ್ರಿ ದಾಟುತ್ತದೆ. ಅದನ್ನು ತಣಿಸುವ ಶಕ್ತಿ ಹೆಚ್ಚಿದಷ್ಟೂ ಎಂಜಿನ್ನಿಗೆ ಒಳ್ಳೆಯದೇ. ಮೂಲ ಮ್ಯಾಪ್ ಅದನ್ನು ಸಂತೋಷದಿಂದ ಸ್ವೀಕರಿಸುತ್ತದೆ. ನನ್ನ ಕಾರು ಒಂದೂವರೆ ವರ್ಷ ಹಾಗೆಯೇ ಓಡಿತು. ಶಕ್ತಿ ಹೆಚ್ಚಲಿಲ್ಲ, ಆದರೆ ಟ್ರಾಫಿಕ್ಕಿನಲ್ಲಿ ಕಾದ ಮೇಲೆ ಕುಂದುತ್ತಿದ್ದ ಶಕ್ತಿ ಕುಂದುವುದು ನಿಂತಿತು.

ಶಕ್ತಿ ಏಕೆ ಹೆಚ್ಚಲಿಲ್ಲ? ಮೇಲಿನ ಸರಪಳಿಯೇ ಕಾರಣ. ಇಸಿಯು ಬೇಡುವುದು 250 ನ್ಯೂಟನ್ ಮೀಟರ್. ಗಾಳಿ ಸುಲಭವಾಗಿ ಬಂದರೂ ಅದು ಕೊಡುವುದು ಅಷ್ಟನ್ನೇ. ವೇಸ್ಟ್‌ಗೇಟನ್ನು ಇನ್ನಷ್ಟು ತೆರೆದು ಟರ್ಬೊಗೆ ವಿಶ್ರಾಂತಿ ಕೊಡುತ್ತದೆ. ಬಿಡಿಭಾಗ ಮಾರುವವರು ‘ಇದೊಂದೇ ಹಾಕಿ, 20 ಕುದುರೆ ಬಲ ಹೆಚ್ಚು’ ಎಂದರೆ ಟರ್ಬೊ ಕಾರಿನ ವಿಷಯದಲ್ಲಿ ಅದು ಸುಳ್ಳು.

ತೊಂದರೆ ಬರುವ ಬದಲಾವಣೆಗಳು ಎರಡು. ಮೊದಲನೆಯದು, ಗಾಳಿಯ ಪ್ರಮಾಣ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಿನಲ್ಲಿ ಅದರ ಕೊಳವೆಯ ವ್ಯಾಸ ಬದಲಾಗುವಂಥ ಇಂಟೇಕ್. ಕೊಳವೆ ಅಗಲವಾದರೆ ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ. ಸೆನ್ಸರ್ ಅದನ್ನು ಕಡಿಮೆ ಗಾಳಿ ಎಂದು ಓದುತ್ತದೆ, ಇಸಿಯು ಕಡಿಮೆ ಇಂಧನ ಹಾಕುತ್ತದೆ. ಹೀಗೆ ಇಂಧನ ತೆಳುವಾದ ಮಿಶ್ರಣ ಪೂರ್ತಿ ಬೂಸ್ಟಿನಲ್ಲಿ ಉರಿದರೆ ಪಿಸ್ಟನ್ನಿಗೆ ಅಪಾಯ. ಒತ್ತಡ ಅಳೆದು ಗಾಳಿಯ ಲೆಕ್ಕ ಹಾಕುವ ಕಾರುಗಳಲ್ಲಿ ಈ ತಾಪತ್ರಯ ಇಲ್ಲ. ಎರಡನೆಯದು ಡೌನ್‌ಪೈಪ್, ಅಂದರೆ ಟರ್ಬೊದಿಂದ ಹೊಗೆ ಹೊರಹೋಗುವ ಮೊದಲ ಕೊಳವೆ. ಟರ್ಬೊ ಹಿಂದಿನ ತಡೆ ಕಡಿಮೆಯಾದರೆ ಟರ್ಬೈನ್ ಬೇಗ ಸುತ್ತುತ್ತದೆ, ಬೂಸ್ಟ್ ಕೇಳಿದ ಮಟ್ಟವನ್ನು ದಾಟಿ ಹಾರುತ್ತದೆ. ಇಸಿಯು ಹಿಡಿದು ಇಳಿಸುತ್ತದೆ, ಮತ್ತೆ ಏರುತ್ತದೆ. ಕಾರು ಜೋಲಿ ಹೊಡೆದಂತೆ ಓಡುತ್ತದೆ. ಹೆಚ್ಚು ಹಾರಿದರೆ ಇಸಿಯು ಲಿಂಪ್ ಮೋಡಿಗೆ ಹೋಗಿ ಕಾರನ್ನು ಮಂದಗೊಳಿಸುತ್ತದೆ. ಈ ಎರಡು ಬದಲಾವಣೆಗಳಲ್ಲಿ ಒಂದಾದರೂ ಆಗಿದ್ದರೆ ಹೊಸ ಮ್ಯಾಪ್ ಬರೆಸಬೇಕು, ಇಲ್ಲವೇ ಹಳೆಯ ಭಾಗವನ್ನು ಮತ್ತೆ ಕೂರಿಸಬೇಕು. ಹಾಗೆಯೇ ಓಡಿಸುತ್ತಿರುವುದು ಸರಿಯಲ್ಲ.

ನನ್ನ ಕಾರಿನ ಸ್ಥಿತಿ ಹೇಗಿದೆ ಎಂದು ನಾನೇ ತಿಳಿಯಬಹುದೆ?

ಖಂಡಿತ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಿದ್ದರೆ ಇದನ್ನೇ ಓದಿ.

ಇಸಿಯುನ ಅಂಕಿಗಳನ್ನು ಓದಲು ಸ್ಟೀರಿಂಗ್ ಕೆಳಗಿರುವ ಒಬಿಡಿ ಪೋರ್ಟಿಗೆ ಚುಚ್ಚುವ ಸಾಧನ, ಒಂದು ಮೊಬೈಲ್ ಅಥವಾ ಲ್ಯಾಪ್‌ಟಾಪ್ ಸಾಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ವಿಸಿಡಿಎಸ್ ಅಥವಾ ಒಬಿಡಿ‌ಇಲೆವೆನ್ ಇದ್ದರೆ ಉತ್ತಮ. ಬೇರೆ ಕಾರುಗಳಿಗೆ ಇಎಲ್‌ಎಂ327 ಡಾಂಗಲ್ ಕೂಡ ಬೇಕಾದಷ್ಟು ತೋರಿಸುತ್ತದೆ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ತುಳಿದು, ಎಂಜಿನ್ ಮೇಲಕ್ಕೆ ಏರುವಾಗ ಅಂಕಿಗಳನ್ನು ದಾಖಲಿಸಬೇಕು. ಇದಕ್ಕೆ ಲಾಗ್ ಎನ್ನುತ್ತಾರೆ. ಕಾರು ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ. ರಸ್ತೆಯಲ್ಲೇ ಮಾಡುವುದಾದರೆ ಜನ, ದನ, ವಾಹನ ಯಾವುದೂ ಇಲ್ಲದ ನೇರ ದಾರಿಯಲ್ಲಿ, ವೇಗಮಿತಿಯೊಳಗೇ ನಿಲ್ಲಿಸಿ. ಅಂಕಿ ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದು.

ಕಳೆದ ಬೇಸಿಗೆಯಲ್ಲಿ ಸ್ನೇಹಿತರೊಬ್ಬರು ಸ್ಟೇಜ್ 2 (ಡೌನ್‌ಪೈಪಿನಂಥ ಭಾಗಗಳನ್ನೂ ಬದಲಿಸಿ ಮಾಡುವ ರೀಮ್ಯಾಪ್) ಮಾಡಿಸಲು ಮುಂಗಡ ಕೊಟ್ಟು ಬಂದಿದ್ದರು. ‘ಅದಕ್ಕೆ ಮುಂಚೆ ಒಂದು ಲಾಗ್ ತೆಗೆಯೋಣ, ಬನ್ನಿ’ ಎಂದೆ. ಬೆಳಗಿನ ಆರು ಗಂಟೆ, ತುಮಕೂರು ಕಡೆಯ ಖಾಲಿ ಸರ್ವಿಸ್ ರಸ್ತೆ. ಕಾರು ಚೆನ್ನಾಗಿಯೇ ಎಳೆಯಿತು, ಅವರ ಮುಖದಲ್ಲಿ ಖುಷಿ. ಲ್ಯಾಪ್‌ಟಾಪಿನ ಪರದೆಯಲ್ಲಿ ಮಾತ್ರ ಬೇರೆಯದೇ ಇತ್ತು. ಬೇಡಿದ ಬೂಸ್ಟ್ 1.9 ಬಾರ್, ಸಿಕ್ಕಿದ್ದು 1.7. ವೇಸ್ಟ್‌ಗೇಟ್ ಪೂರ್ತಿ ಮುಚ್ಚಿಕೊಂಡು ಹೆಣಗುತ್ತಿತ್ತು. ಎರಡನೇ ಸಿಲಿಂಡರಿನ ಕಿಡಿಯನ್ನು ಇಸಿಯು ಪ್ರತಿ ಸಲವೂ ಆರು ಡಿಗ್ರಿ ಹಿಂದಕ್ಕೆ ತಳ್ಳುತ್ತಿತ್ತು. ಅವರು ಅದೇ ಕಾರನ್ನು ಅದಕ್ಕಿಂತ ಹೆಚ್ಚು ಬೂಸ್ಟಿಗೆ ಒಡ್ಡಲು ಹೊರಟಿದ್ದರು. ಅವತ್ತೇ ಫೋನ್ ಮಾಡಿ ದಿನಾಂಕ ಮುಂದಕ್ಕೆ ಹಾಕಿಸಿದರು.

ನೋಡಬೇಕಾದ ಅಂಕಿಗಳು ಇವು: ಬೇಡಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ಪ್ರತಿ ಸಿಲಿಂಡರಿನಲ್ಲಿ ನಾಕಿಂಗ್‌ನಿಂದಾಗಿ (ಮಿಶ್ರಣ ತಾನಾಗಿ ಸಿಡಿಯುವುದರಿಂದ) ಹಿಂದಕ್ಕೆ ಸರಿದ ಕಿಡಿಯ ಡಿಗ್ರಿ, ಒಳಬರುವ ಗಾಳಿಯ ಉಷ್ಣಾಂಶ, ಬೇಡಿದ ಮತ್ತು ಸಿಕ್ಕ ಲ್ಯಾಂಬ್ಡಾ (ಗಾಳಿ ಮತ್ತು ಇಂಧನದ ಪ್ರಮಾಣ), ಇಂಧನದ ರೈಲ್ ಒತ್ತಡ, ದೀರ್ಘಾವಧಿಯ ಫ್ಯುಯೆಲ್ ಟ್ರಿಮ್ (ಇಂಧನದ ಲೆಕ್ಕಕ್ಕೆ ಇಸಿಯು ತಾನೇ ಮಾಡಿಕೊಳ್ಳುವ ತಿದ್ದುಪಡಿ). ಕಿಡಿ ಅಲ್ಲೊಮ್ಮೆ ಇಲ್ಲೊಮ್ಮೆ ಎರಡು ಮೂರು ಡಿಗ್ರಿ ಸರಿಯುವುದು ಸಹಜ. ಒಂದೇ ಸಿಲಿಂಡರಿನಲ್ಲಿ ಮತ್ತೆ ಮತ್ತೆ ಐದಾರು ಡಿಗ್ರಿ ಸರಿದರೆ ಕಾರಣ ಹುಡುಕಬೇಕು. ಟ್ರಿಮ್ ಕೂಡಿಸಿಯೋ ಕಳೆದೋ ಶೇಕಡಾ 10 ದಾಟಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಸೆನ್ಸರ್ ತಪ್ಪು ಓದುತ್ತಿದೆ. ರೈಲ್ ಒತ್ತಡ ಮೇಲಿನ ಆರ್‌ಪಿಎಂನಲ್ಲಿ ಕುಸಿಯುತ್ತಿದ್ದರೆ ಪಂಪಿಗೆ ಈಗಿನ ಶಕ್ತಿಗೇ ಇಂಧನ ಒದಗಿಸಲು ಆಗುತ್ತಿಲ್ಲ ಎಂದರ್ಥ.

ರೀಮ್ಯಾಪ್‌ಗೆ ಮುಂಚೆ ಸರಿಪಡಿಸಬೇಕಾದದ್ದು ಏನು?

ಅದೇ ಸ್ನೇಹಿತರ ಕಾರಿನ ಕತೆ ಮುಂದುವರಿಸುತ್ತೇನೆ. ಗ್ಯಾರೇಜಿನಲ್ಲಿ ಹೊಗೆ ಪರೀಕ್ಷೆ ಮಾಡಿಸಿದೆವು. ಇಂಟೇಕ್ ಬಾಯಿ ಮುಚ್ಚಿ, ಹಗುರ ಒತ್ತಡದಲ್ಲಿ ಹೊಗೆ ತುಂಬುತ್ತಾರೆ. ಮೆಕ್ಯಾನಿಕ್ ಟಾರ್ಚ್ ಹಿಡಿದು ಬಗ್ಗಿದರು. ಇಂಟರ್‌ಕೂಲರ್‌ಗೆ ಸೇರುವ ಸಿಲಿಕಾನ್ ಹೋಸಿನ ಕೆಳಬದಿಯಿಂದ, ಊದುಬತ್ತಿಯ ಹೊಗೆಯಷ್ಟು ಸಣ್ಣಗೆ, ಎಳೆಯೊಂದು ಮೇಲೇಳುತ್ತಿತ್ತು. ಆ ಜಾಗದಲ್ಲಿ ಎಣ್ಣೆಯ ತೆಳು ಪಸೆ, ಅದರ ಮೇಲೆ ದೂಳು ಮೆತ್ತಿ ಕಪ್ಪು ಉಂಗುರ. ಕ್ಲಾಂಪ್ ಹೋಸಿನ ತುದಿಗೆ ತೀರಾ ಹತ್ತಿರ ಕುಳಿತಿತ್ತು. ಅದನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿ ಬಿಗಿದರು. ಎರಡನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ತೆಗೆದು ನೋಡಿದರೆ ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕು. ಹೊಸ ಪ್ಲಗ್ ಸೆಟ್ ಹಾಕಿಸಿ ಮರುದಿನ ಲಾಗ್ ತೆಗೆದಾಗ ಬೂಸ್ಟ್ ಬೇಡಿದಷ್ಟೇ ಸಿಕ್ಕಿತು, ಕಿಡಿ ನೆಟ್ಟಗಾಯಿತು. ‘ರೀಮ್ಯಾಪ್ ಆದ ಹಾಗೇ ಇದೆ’ ಎಂದರು ಸ್ನೇಹಿತರು. ಅವರು ಇವತ್ತಿಗೂ ಮೂಲ ಮ್ಯಾಪಿನಲ್ಲೇ ಓಡಿಸುತ್ತಿದ್ದಾರೆ.

ಹೊಗೆ ಪರೀಕ್ಷೆ, ಕಂಪ್ರೆಷನ್ ಪರೀಕ್ಷೆ, ಹೊಸ ಪ್ಲಗ್, ಹೊಸ ಆಯಿಲ್ ಈ ನಾಲ್ಕನ್ನೂ ಮೊದಲೇ ಮುಗಿಸಿ. ನೇರ ಇಂಜೆಕ್ಷನ್ ಇರುವ ಎಂಜಿನ್ 60–70 ಸಾವಿರ ಕಿಲೋಮೀಟರ್ ಓಡಿದ್ದರೆ ಇಂಟೇಕ್ ವಾಲ್ವುಗಳ ಮೇಲೆ ಕಾರ್ಬನ್ ಕಟ್ಟಿದೆಯೇ ಎಂದೂ ನೋಡಿಸಿ. ಇಂಥ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವಿನ ಮೇಲೆ ಬೀಳುವುದೇ ಇಲ್ಲ, ಹಾಗಾಗಿ ಅದನ್ನು ತೊಳೆಯುವವರು ಯಾರೂ ಇಲ್ಲ. ಹೆಚ್ಚು ಬೂಸ್ಟ್ ಓಡಿಸುವವರಿಗೆ ಪ್ಲಗ್ಗಿನ ಅಂತರವನ್ನು ಸ್ವಲ್ಪ ಕಿರಿದು ಮಾಡುವಂತೆ, ಒಂದು ದರ್ಜೆ ತಣ್ಣನೆಯ ಪ್ಲಗ್ ಹಾಕುವಂತೆ ಟ್ಯೂನರ್ ಹೇಳಿದರೆ ಅದು ಸರಿಯಾದ ಸಲಹೆಯೇ.

ಬೆಂಗಳೂರಿನಲ್ಲಿ ಮಾಡಿಸಿದ ಮ್ಯಾಪ್ ಮಂಗಳೂರಿನಲ್ಲಿ, ಊಟಿಯಲ್ಲಿ ಸರಿಹೋಗುತ್ತದೆಯೆ?

ಈ ಪ್ರಶ್ನೆ ಕೇಳುವವರು ಕಡಿಮೆ. ಎಲ್ಲರೂ ಕೇಳಬೇಕಾದದ್ದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್, ಮಂಗಳೂರಿನಲ್ಲಿ 1.01. ಇಸಿಯು ಒಟ್ಟು ಒತ್ತಡ 1.8 ಬಾರ್ ಬೇಡಿತು ಎಂದುಕೊಳ್ಳಿ. ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 1.78 ಪಟ್ಟು ಒತ್ತಿದರೆ ಆಯಿತು. ಬೆಂಗಳೂರಿನಲ್ಲಿ 1.98 ಪಟ್ಟು ಒತ್ತಬೇಕು. 2,200 ಮೀಟರ್‌ಗೂ ಎತ್ತರದ ಊಟಿಯಲ್ಲಿ 2.3 ಪಟ್ಟು. ಎಂಜಿನ್ನಿಗೆ ಸಿಗುವುದು ಎಲ್ಲೆಡೆ ಅಷ್ಟೇ ಗಾಳಿ, ಆದರೆ ಟರ್ಬೊ ಸುತ್ತುವ ವೇಗ ಎತ್ತರಕ್ಕೆ ಹೋದಷ್ಟೂ ಏರುತ್ತದೆ. ಸಣ್ಣ ಟರ್ಬೊ ತನ್ನ ವೇಗಮಿತಿ ದಾಟಿದರೆ ಬೇರಿಂಗ್ ಸವೆಯುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ. ಕಾರ್ಖಾನೆಯ ಮ್ಯಾಪಿನಲ್ಲಿ ಎತ್ತರಕ್ಕೆ ತಕ್ಕಂತೆ ಬೂಸ್ಟ್ ಇಳಿಸುವ ಕೋಷ್ಟಕ ಇರುತ್ತದೆ. ಶಕ್ತಿ ಹೆಚ್ಚಿಸುವ ಆತುರದಲ್ಲಿ ಕೆಲವರು ಅದನ್ನು ನಿಷ್ಕ್ರಿಯಗೊಳಿಸುತ್ತಾರೆ. ‘ಎತ್ತರದ ತಿದ್ದುಪಡಿಯನ್ನು ಮುಟ್ಟಿದ್ದೀರಾ?’ ಎಂದು ಟ್ಯೂನರನ್ನು ನೇರವಾಗಿ ಕೇಳಿ. ಪ್ರಶ್ನೆಯೇ ಅರ್ಥವಾಗದವರ ಕೈಗೆ ಕಾರು ಕೊಡಬೇಡಿ.

ಇಳಿಯುವಾಗಲೂ ಒಂದು ವಿಷಯವಿದೆ. ಶಿರಾಡಿ ಘಾಟ್ ಇಳಿದು ಕರಾವಳಿಯ ಸೆಕೆಗೆ ಹೋದರೆ ಟರ್ಬೊಗೆ ಹಗುರ, ಆದರೆ ಒಳಬರುವ ಗಾಳಿಯೇ ಬಿಸಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಅಂಚಿನವರೆಗೆ ತಿದ್ದಿದ ಮ್ಯಾಪ್ ಉಪ್ಪಿನಂಗಡಿಯ ಏಪ್ರಿಲ್ ಮಧ್ಯಾಹ್ನದಲ್ಲಿ ನಾಕಿಂಗ್ ತೋರಿಸಬಹುದು. ನನ್ನ ಮ್ಯಾಪನ್ನು ಅಂತಿಮಗೊಳಿಸುವ ಮೊದಲು ನಾನು ಬೇಸಿಗೆಯಲ್ಲೇ ಆ ದಾರಿಯ ಲಾಗ್ ತಂದು ಕೊಟ್ಟೆ. ಟ್ಯೂನರ್ ಮೇಲಿನ ಆರ್‌ಪಿಎಂನಲ್ಲಿ ಕಿಡಿಯನ್ನು ಒಂದೂವರೆ ಡಿಗ್ರಿ ಇಳಿಸಿದರು.

ಯಾವ ಪೆಟ್ರೋಲ್ ಹಾಕಬೇಕು? ಇ20ಯಿಂದ ತೊಂದರೆಯೆ?

ಆಕ್ಟೇನ್ ಎಂದರೆ ಪೆಟ್ರೋಲ್ ನಾಕಿಂಗನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ. ಮ್ಯಾಪ್ ಬರೆಯುವಾಗ ಟ್ಯಾಂಕಿನಲ್ಲಿ ಯಾವ ಆಕ್ಟೇನ್ ಇತ್ತೋ ಅದಕ್ಕಿಂತ ಕಡಿಮೆ ಹಾಕಬಾರದು, ಇಷ್ಟೇ ನಿಯಮ. 95, 97, 99, 100 ಆಕ್ಟೇನ್ ಇಂಧನಗಳು ನಮ್ಮ ನಗರಗಳ ಆಯ್ದ ಬಂಕ್‌ಗಳಲ್ಲಿ ಸಿಗುತ್ತವೆ. ಆದರೆ ಊರಿಗೆ ಹೋದಾಗ? ಹೊಸದುರ್ಗದ ಹತ್ತಿರವೋ ಸಿದ್ದಾಪುರದ ಹತ್ತಿರವೋ ಟ್ಯಾಂಕ್ ಖಾಲಿಯಾದರೆ ಎದುರು ಸಿಕ್ಕ ಬಂಕಿನ ಮಾಮೂಲಿ ಪೆಟ್ರೋಲೇ ಗತಿ. 100 ಆಕ್ಟೇನಿಗೆ ಮಾತ್ರ ಹೊಂದುವ ಮ್ಯಾಪ್ ದಿನಬಳಕೆಯ ಕಾರಿಗೆ ಬೇಡ ಎನ್ನುವುದು ಇದಕ್ಕೇ. ಸಾಧ್ಯವಾದರೆ ಸಾಮಾನ್ಯ ಪೆಟ್ರೋಲಿನ ಮೇಲೆಯೇ ಮ್ಯಾಪ್ ಮಾಡಿಸಿ, ಒಳ್ಳೆಯ ಪೆಟ್ರೋಲನ್ನು ಹೆಚ್ಚುವರಿ ರಕ್ಷಣೆಯಾಗಿ ಬಳಸಿ.

ಇ20 ಎಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ವಿಷಯದಲ್ಲಿ ಎರಡು ಮುಖಗಳಿವೆ. ಎಥನಾಲ್ ನಾಕಿಂಗನ್ನು ತಡೆಯುತ್ತದೆ, ಟರ್ಬೊ ಎಂಜಿನ್ನಿಗೆ ಅದು ಅನುಕೂಲ. ಆದರೆ ಅದರಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಅದೇ ಗಾಳಿಗೆ ಹೆಚ್ಚು ಇಂಧನ ಚಿಮ್ಮಬೇಕು. ಶುದ್ಧ ಪೆಟ್ರೋಲಿಗೆ ಗಾಳಿ ಮತ್ತು ಇಂಧನದ ಅನುಪಾತ 14.7 ಇದ್ದರೆ ಇ20ಗೆ ಸುಮಾರು 13.5. ಇ10ರ ಕಾಲದಲ್ಲಿ ಬರೆಸಿದ ಮ್ಯಾಪಿಗೆ ಇಂದಿನ ಪೆಟ್ರೋಲ್ ಹಾಕಿದರೆ ಟ್ರಿಮ್ ಶೇಕಡಾ ನಾಲ್ಕರಷ್ಟು ಮೇಲೇರಿರುತ್ತದೆ. ಅದನ್ನು ಗಾಳಿ ಸೋರಿಕೆ ಎಂದು ತಿಳಿದು ಹೋಸ್ ಬಿಚ್ಚುತ್ತಾ ಕೂರಬೇಡಿ. ಇಂಜೆಕ್ಟರ್ ಮತ್ತು ಪಂಪ್ ಈಗಾಗಲೇ ಅಂಚಿನಲ್ಲಿರುವ ಸ್ಟೇಜ್ 2 ಕಾರಿನಲ್ಲಿ ಮಾತ್ರ ಈ ನಾಲ್ಕು ಶೇಕಡಾವೂ ಭಾರವೇ. ಇ20ಗಿಂತ ಮುಂಚೆ ತಯಾರಾದ ಕಾರಿನ ರಬ್ಬರ್ ಹೋಸ್, ಸೀಲ್‌ಗಳನ್ನೂ ಆಗಾಗ ನೋಡಿಸುತ್ತಿರಿ.

ಪಿಗ್ಗಿಬ್ಯಾಕ್ ಬಾಕ್ಸ್ ಹಾಕಿದರೆ ಸಾಲದೆ? ಬೇಕಾದಾಗ ಬಿಚ್ಚಿಡಬಹುದಲ್ಲ?

ಬಿಚ್ಚಿಡಬಹುದು ಎನ್ನುವುದೊಂದೇ ಅದರ ಗುಣ. ಆ ಪೆಟ್ಟಿಗೆ ಬೂಸ್ಟ್ ಸೆನ್ಸರ್ ಮತ್ತು ಇಸಿಯು ನಡುವೆ ಕುಳಿತು ಸುಳ್ಳು ಹೇಳುತ್ತದೆ. 1.8 ಬಾರ್ ಇದ್ದರೂ 1.6 ಎಂದು ತೋರಿಸುತ್ತದೆ. ಇಸಿಯು ಕಡಿಮೆಯಾಯಿತೆಂದು ತಿಳಿದು ಇನ್ನೂ ಒತ್ತುತ್ತದೆ. ಇಂಧನ, ಕಿಡಿ, ಸುರಕ್ಷತೆಯ ಮಿತಿಗಳು ಎಲ್ಲವೂ ಆ ಸುಳ್ಳು ಅಂಕಿಯ ಆಧಾರದಲ್ಲೇ ನಡೆಯುತ್ತವೆ. ಬದಲಾವಣೆ ಇಲ್ಲದ ಕಾರಿನಲ್ಲಿ, ಹಗುರ ಸೆಟ್ಟಿಂಗಿನಲ್ಲಿ ಇದು ನಡೆದುಹೋಗುತ್ತದೆ. ಡೌನ್‌ಪೈಪ್, ಇಂಟೇಕ್ ಬದಲಾದ ಕಾರಿಗೆ ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಸಿದ್ಧ ಫೈಲ್ ಸಾಕೆ, ನನ್ನ ಕಾರಿಗೆಂದೇ ಬರೆಸಬೇಕೆ?

ಕಾರಿನಲ್ಲಿ ಏನೂ ಬದಲಾಗಿರದಿದ್ದರೆ ಹೆಸರುವಾಸಿ ಟ್ಯೂನರ್‌ಗಳ ಸಿದ್ಧ ಸ್ಟೇಜ್ 1 ಫೈಲ್ ಸಾಕು. ಅದು ನೂರಾರು ಕಾರುಗಳಲ್ಲಿ ಓಡಿ ಪಳಗಿರುತ್ತದೆ. ನಿಮ್ಮ ಕಾರಿನಲ್ಲಿ ಒಬ್ಬರ ಇಂಟೇಕ್, ಇನ್ನೊಬ್ಬರ ಇಂಟರ್‌ಕೂಲರ್, ಸ್ಥಳೀಯವಾಗಿ ಮಾಡಿಸಿದ ಪೈಪ್ ಸೇರಿದ್ದರೆ ಆ ಜೋಡಣೆ ಬೇರೆಲ್ಲೂ ಇಲ್ಲ. ಲಾಗ್ ನೋಡಿ, ತಿದ್ದಿ, ಮತ್ತೆ ಲಾಗ್ ನೋಡುವವರೇ ಬೇಕು. ಕನಿಷ್ಠ ಮೂರು ಸಲ ತಿದ್ದಲು ಒಪ್ಪದವರ ಬಳಿ ಹೋಗಬೇಡಿ. ‘ಹತ್ತು ನಿಮಿಷದಲ್ಲಿ ಹಾಕಿಕೊಡುತ್ತೇವೆ, ಕಾಫಿ ಕುಡಿದು ಬನ್ನಿ’ ಎನ್ನುವವರು ಎಲ್ಲಿಂದಲೋ ತಂದ ಫೈಲನ್ನು ಬರೆಯುತ್ತಿರುತ್ತಾರೆ.

ಕ್ಲಚ್, ಗೇರ್‌ಬಾಕ್ಸ್ ತಡೆದುಕೊಳ್ಳುತ್ತವೆಯೆ?

ಎಂಜಿನ್ನಿಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಇವೇ. ನನ್ನನ್ನು ಒಂದೂವರೆ ವರ್ಷ ತಡೆದದ್ದೂ ಇದೇ ಪ್ರಶ್ನೆ.

ನನ್ನ ಕಾರಿನ ಏಳು ಗೇರಿನ ಡಿಎಸ್‌ಜಿಯ ಸಂಕೇತ ಡಿಕ್ಯೂ200. ಅದರ ಎರಡು ಕ್ಲಚ್‌ಗಳು ಆಯಿಲಿನಲ್ಲಿ ಮುಳುಗಿರುವುದಿಲ್ಲ, ಒಣಗಿರುತ್ತವೆ. ತಯಾರಕರು ಹೇಳಿರುವ ಮಿತಿ 250 ನ್ಯೂಟನ್ ಮೀಟರ್. ಆಕ್ಟೇವಿಯಾ 1.8 ಕಾರ್ಖಾನೆಯಿಂದ ಬರುವಾಗಲೇ 250. ಅಂದರೆ ಒಂದು ಅಂಕಿಯಷ್ಟು ಕೂಡ ಜಾಗವಿಲ್ಲ. ಇಂದಿನ ವರ್ಟಸ್, ಟೈಗುನ್, ಸ್ಲೇವಿಯಾಗಳ 1.5 ಟಿಎಸ್‌ಐ ಡಿಎಸ್‌ಜಿಯಲ್ಲೂ ಅದೇ 250. ಇವುಗಳಿಗೆ ಹೋಲಿಸಿದರೆ 175 ನ್ಯೂಟನ್ ಮೀಟರಿನ ಹಳೆಯ ಪೋಲೊ ಜಿಟಿ ಟಿಎಸ್‌ಐ ಇದೇ ಗೇರ್‌ಬಾಕ್ಸ್ ಹೊತ್ತು ನೆಮ್ಮದಿಯಾಗಿತ್ತು.

ಮಿತಿ ದಾಟಿದ ಕ್ಷಣವೇ ಗೇರ್‌ಬಾಕ್ಸ್ ಒಡೆಯುವುದಿಲ್ಲ, ಅದು ನಿಜ. ಆದರೆ ಅದರ ಆಯುಷ್ಯವನ್ನು ನೀವು ಖರ್ಚು ಮಾಡುತ್ತಿರುತ್ತೀರಿ. ನಾನು ಕೊನೆಗೆ ಆರಿಸಿದ ದಾರಿ ಹೀಗಿದೆ: ಟಾರ್ಕಿನ ಗರಿಷ್ಠ ಮಿತಿಯನ್ನು 250ರ ಮೇಲೆ ಏರಿಸಲೇ ಇಲ್ಲ. ಆ 250 ಮೊದಲು ಎಲ್ಲಿ ಕುಸಿಯತೊಡಗುತ್ತಿತ್ತೋ ಅಲ್ಲಿಂದ ಇನ್ನೂ ಸಾವಿರ ಆರ್‌ಪಿಎಂ ಮೇಲಿನವರೆಗೆ ಹಾಗೆಯೇ ಹಿಡಿದಿಡುವಂತೆ ಬರೆಸಿದೆ. ಶಕ್ತಿ ಎಂದರೆ ಟಾರ್ಕ್ ಮತ್ತು ವೇಗದ ಗುಣಲಬ್ಧ. ಟಾರ್ಕ್ ಹೆಚ್ಚಿಸದೆ ಶಕ್ತಿ ಹೆಚ್ಚಿಸಲು ಇದೊಂದೇ ಮಾರ್ಗ. ದೊಡ್ಡ ಇಂಟರ್‌ಕೂಲರ್ ಇದ್ದದ್ದರಿಂದ ಅದು ಸಾಧ್ಯವಾಯಿತು. ‘ಸೀಟಿಗೆ ಒತ್ತಿ ಹಿಡಿದಂತಾಗುವ’ ಆ ಎಳೆತ ನನಗೆ ಸಿಗಲಿಲ್ಲ. ಹೆದ್ದಾರಿಯಲ್ಲಿ ಲಾರಿ ದಾಟುವಾಗ ನಾಲ್ಕನೇ ಗೇರಿನಲ್ಲಿ ಉಸಿರು ಕಟ್ಟದೆ ಎಳೆಯುತ್ತದೆ, ನನಗೆ ಬೇಕಾದದ್ದೂ ಅಷ್ಟೇ.

ಮ್ಯಾನುಯಲ್ ಇರುವವರು ಒಂದು ಪರೀಕ್ಷೆ ಮಾಡಿ. ಖಾಲಿ ಏರುದಾರಿಯಲ್ಲಿ ನಾಲ್ಕನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಕಾರಿಗಿಂತ ಬೇಗ ಏರಿದರೆ, ಸುಟ್ಟ ವಾಸನೆ ಬಂದರೆ ಕ್ಲಚ್ ಈಗಲೇ ಜಾರುತ್ತಿದೆ. ರೀಮ್ಯಾಪ್ ಹಣವನ್ನು ಮೊದಲು ಅದಕ್ಕೆ ಎತ್ತಿಡಿ.

ರೀಮ್ಯಾಪ್ ಮಾಡಿಸಿದರೆ ಮೈಲೇಜ್ ಹೆಚ್ಚುತ್ತದೆಯೆ?

ಪೆಟ್ರೋಲ್ ಕಾರಿನಲ್ಲಿ ಮೈಲೇಜಿನ ಆಸೆಯಿಂದ ಮಾಡಿಸಬೇಡಿ. ಹಗುರವಾಗಿ ಓಡಿಸುವಾಗ ಮ್ಯಾಪಿನ ಬಹುಪಾಲು ಮೊದಲಿನಂತೆಯೇ ಇರುತ್ತದೆ. ಬಲವಾಗಿ ಓಡಿಸಿದರೆ ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕೇ ಬೇಕು.

ಡೈನೊ ಹಾಳೆಯ ಅಂಕಿಗಳನ್ನು ನಂಬಬಹುದೆ?

ಒಂದೇ ಯಂತ್ರದಲ್ಲಿ, ಒಂದೇ ದಿನ, ರೀಮ್ಯಾಪ್‌ಗೆ ಮುಂಚೆ ಮತ್ತು ಆಮೇಲೆ ತೆಗೆದ ಎರಡು ಗೆರೆಗಳ ವ್ಯತ್ಯಾಸವನ್ನು ನಂಬಬಹುದು. ಒಂಟಿ ಅಂಕಿಯನ್ನು ನಂಬಬೇಡಿ. ಡೈನೊ ಚಕ್ರದ ಬಳಿಯ ಶಕ್ತಿಯನ್ನು ಅಳೆಯುತ್ತದೆ, ಎಂಜಿನ್ನಿನ ಅಂಕಿಯನ್ನು ಅದರಿಂದ ಲೆಕ್ಕ ಹಾಕುತ್ತದೆ. ಜೊತೆಗೆ ಹವಾಮಾನದ ತಿದ್ದುಪಡಿ ಸೇರಿಸುತ್ತದೆ. ಬೆಂಗಳೂರಿನ ಎತ್ತರಕ್ಕೆ ಆ ತಿದ್ದುಪಡಿ ಸುಮಾರು ಶೇಕಡಾ 10. ಟರ್ಬೊ ಇಲ್ಲದ ಎಂಜಿನ್ನಿಗೆ ಅದು ನ್ಯಾಯ, ಏಕೆಂದರೆ ತೆಳು ಗಾಳಿಯಿಂದ ಅದು ನಿಜವಾಗಿಯೂ ಸೊರಗಿರುತ್ತದೆ. ಟರ್ಬೊ ಕಾರು ಆ ನಷ್ಟವನ್ನು ತಾನೇ ತುಂಬಿಕೊಂಡಿರುತ್ತದೆ. ಅದಕ್ಕೂ ಶೇಕಡಾ 10 ಕೂಡಿಸಿದರೆ 200 ಇದ್ದದ್ದು 220 ಆಗುತ್ತದೆ, ಕಾರಿನಲ್ಲಿ ಏನೂ ಬದಲಾಗದೆ. ತಿದ್ದುಪಡಿ ಇಲ್ಲದ ಹಾಳೆಯನ್ನೂ ಕೇಳಿ ಪಡೆಯಿರಿ.

ವಾರಂಟಿ, ವಿಮೆ, ಕಾನೂನು?

ವಾರಂಟಿ ಹೋಗುತ್ತದೆ ಎಂದುಕೊಂಡೇ ಮುಂದುವರಿಯಿರಿ. ‘ಮೂಲ ಫೈಲ್ ಮತ್ತೆ ಹಾಕಿದರೆ ಗೊತ್ತಾಗುವುದಿಲ್ಲ’ ಎಂಬ ಭರವಸೆಗೆ ಬೆಲೆಯಿಲ್ಲ. ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಅನೇಕ ಇಸಿಯುಗಳಲ್ಲಿ ಉಳಿಯುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ರೀಮ್ಯಾಪ್ ಆಗಿದೆ ಎಂದು ಸೂಚಿಸುವ ಟಿಡಿ1 ಎಂಬ ಗುರುತು ಕಂಪನಿಯ ದಾಖಲೆಯಲ್ಲಿ ಸೇರಿದರೆ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೇಳುವಂತಿಲ್ಲ. ವಾರಂಟಿ ಬಾಕಿ ಇರುವವರಿಗೆ ನನ್ನ ಸಲಹೆ ಒಂದೇ: ಮುಗಿಯುವವರೆಗೆ ಕಾಯಿರಿ.

ವಿಮಾ ಕಂಪನಿಗೆ ಮಾರ್ಪಾಡಿನ ವಿಷಯ ಬರಹದಲ್ಲಿ ತಿಳಿಸಿ. ತಿಳಿಸದಿದ್ದರೆ, ಅಪಘಾತದ ನಂತರ ಕ್ಲೇಮ್ ನಿರಾಕರಿಸಲು ನೀವೇ ಕಾರಣ ಕೊಟ್ಟಂತೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯ ವಿವರ ಕಾರ್ಖಾನೆಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು ಎಂದಿದೆ. ಹೊಗೆ, ಸದ್ದಿನ ಮಿತಿ ಮೀರಿದರೆ ಬೇರೆಯೇ ದಂಡ.

ಡೌನ್‌ಪೈಪಿನಲ್ಲಿ ಕುಳಿತು ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟು. ಅದನ್ನು ತೆಗೆಸಿ, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಪಿ0420 ದೋಷ ಬರದಂತೆ ಸಾಫ್ಟ್‌ವೇರಿನಲ್ಲಿ ಹಿಂದಿನ ಸೆನ್ಸರನ್ನು ಕುರುಡು ಮಾಡುವ ಮ್ಯಾಪ್ ಕಾನೂನಿಗೂ ವಿರುದ್ಧ, ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ನಿಂತವರಿಗೂ ಅನ್ಯಾಯ. ನನ್ನ ಕಾರಿನ ಡೌನ್‌ಪೈಪನ್ನು ನಾನು ಮುಟ್ಟಿಲ್ಲ.

ಡೀಸೆಲ್ ಕಾರಿಗೂ ಇದೇ ಮಾತೆ?

ಮುಖ್ಯ ವ್ಯತ್ಯಾಸ ಒಂದು. ಡೀಸೆಲಿನಲ್ಲಿ ಇಂಧನ ಹೆಚ್ಚಿದಷ್ಟೂ ಎಕ್ಸಾಸ್ಟ್ ಬಿಸಿಯಾಗುತ್ತದೆ, ಮಸಿ ಹೆಚ್ಚುತ್ತದೆ. ಕಪ್ಪು ಹೊಗೆ ಉಗುಳುವುದು ಶಕ್ತಿಯ ಲಕ್ಷಣ ಎಂದು ಕೆಲವರು ತಿಳಿದಿದ್ದಾರೆ. ಅದು ಪೂರ್ತಿ ಉರಿಯದ ಡೀಸೆಲಿನ ಮಸಿ. ಬಿಎಸ್6 ಕಾರುಗಳಲ್ಲಿ ಆ ಮಸಿ ಡಿಪಿಎಫ್ ಫಿಲ್ಟರಿನಲ್ಲಿ ತುಂಬಿ ಕಾರನ್ನೇ ನಿಲ್ಲಿಸುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತಿದ್ದೇನೆ. ಮೊದಲೇ ರೀಮ್ಯಾಪ್ ಆಗಿದೆಯೇ ಎಂದು ಹೇಗೆ ತಿಳಿಯಲಿ?

ಲಾಗ್ ತೆಗೆದು ಬೇಡಿದ ಬೂಸ್ಟನ್ನು ಮಾರ್ಪಾಡಿಲ್ಲದ ಅದೇ ಮಾದರಿಯ ಕಾರಿನೊಂದಿಗೆ ಹೋಲಿಸಿ. ಮಾರುವವರಿಗೆ ಗೊತ್ತಿರಲೇಬೇಕೆಂದಿಲ್ಲ, ಅವರೂ ಎರಡನೆಯವರಾಗಿರಬಹುದು. ಸಿಲಿಕಾನ್ ಹೋಸ್, ಹೊಸ ಕ್ಲಾಂಪ್, ಗೀಚಿದ ಇಸಿಯು ಸ್ಕ್ರೂಗಳು ಕಂಡರೆ ಖಚಿತವಾಗಿ ವಿಚಾರಿಸಿ.

ರೀಮ್ಯಾಪ್ ಆದ ಮೇಲೆ ಓಡಿಸುವ ರೀತಿ ಬದಲಾಗಬೇಕೆ?

ಬದಲಾಗಬೇಕು, ಅದರಲ್ಲೂ ಸಣ್ಣ ಎಂಜಿನ್‌ಗಳಲ್ಲಿ. ಆರನೇ ಗೇರಿನಲ್ಲಿ 1400 ಆರ್‌ಪಿಎಂನಲ್ಲಿ ತೆವಳುತ್ತಿರುವಾಗ ಒಮ್ಮೆಲೇ ಪೂರ್ತಿ ತುಳಿಯಬೇಡಿ. ಕಿಡಿ ಹಾರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ತೊಂದರೆ ನೇರ ಇಂಜೆಕ್ಷನ್ನಿನ ಟರ್ಬೊ ಎಂಜಿನ್‌ಗಳಿಗೆ ಆ ಸ್ಥಿತಿಯಲ್ಲೇ ಬರುತ್ತದೆ. ಒಂದೇ ಏಟಿಗೆ ಪಿಸ್ಟನ್ನಿನ ಅಂಚು ಮುರಿದ ಉದಾಹರಣೆಗಳಿವೆ. ಗೇರ್ ಇಳಿಸಿ ತುಳಿಯಿರಿ. ಇದನ್ನು ತಡೆಯುವ ಗುಣಮಟ್ಟದ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಬಳಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಅನುಮೋದನೆಯ ಸಂಖ್ಯೆ ಡಬ್ಬಿಯ ಮೇಲಿದೆಯೇ ಎಂದೂ ನೋಡಿ. ಬದಲಿಸುವ ಅವಧಿಯನ್ನು 15 ಸಾವಿರ ಕಿಲೋಮೀಟರಿನಿಂದ 7–8 ಸಾವಿರಕ್ಕೆ ಇಳಿಸಿ. ಆಯಿಲ್ ಕಾಯುವವರೆಗೆ ಬೂಸ್ಟ್ ಬೇಡ. ಘಾಟ್ ಹತ್ತಿ ನಿಲ್ಲಿಸುವಾಗ ಕೊನೆಯ ಒಂದೆರಡು ನಿಮಿಷ ಹಗುರವಾಗಿ ಓಡಿಸಿ.

ಯಾರು ಮಾಡಿಸಬಾರದು?

ಮನೆಗೆ ಒಂದೇ ಕಾರು ಇದ್ದು, ಅದು ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಕಷ್ಟವಾಗುವವರು. ಸಾಲದ ಕಂತಿನ ಮೇಲೆ ಗೇರ್‌ಬಾಕ್ಸ್ ದುರಸ್ತಿಯ ಖರ್ಚು ಹೊರಲಾಗದವರು. ಲಾಗ್‌ನಲ್ಲಿ ದೋಷ ಕಂಡರೂ ರೀಮ್ಯಾಪ್ ಅದನ್ನು ಸರಿಪಡಿಸುತ್ತದೆ ಎಂದು ನಂಬಿರುವವರು. ಮತ್ತು ಟೈರ್, ಬ್ರೇಕ್ ಪ್ಯಾಡ್ ಸವೆದಿದ್ದರೂ ಮೊದಲು ಶಕ್ತಿ ಬೇಕೆನ್ನುವವರು. ಈ ಕೊನೆಯವರಿಗೆ ನಾನು ಲಾಗ್ ಕೂಡ ತೆಗೆದುಕೊಡುವುದಿಲ್ಲ.

ಮೂಲ ಫೈಲ್ ಯಾರ ಬಳಿ ಇರಬೇಕು?

ನಿಮ್ಮ ಬಳಿ. ಬರೆಯುವ ಮೊದಲು ನಿಮ್ಮದೇ ಇಸಿಯುನಿಂದ ಓದಿ ತೆಗೆದ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ. ಕೆಲವು ವಿಧಾನಗಳಲ್ಲಿ ಓದಲು ಬರುವುದಿಲ್ಲ. ಹಾಗಿದ್ದರೆ ನಿಮ್ಮ ಇಸಿಯುನ ಸಾಫ್ಟ್‌ವೇರ್ ಸಂಖ್ಯೆಯನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಸರ್ವಿಸ್‌ಗೆ ಬಿಟ್ಟಾಗ ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಅಪ್‌ಡೇಟ್ ಆದರೆ ರೀಮ್ಯಾಪ್ ಅಳಿಸಿಹೋಗುತ್ತದೆ, ಡೌನ್‌ಪೈಪ್ ಇರುವ ಕಾರು ದಾರಿಯಲ್ಲೇ ಲಿಂಪ್ ಮೋಡಿಗೆ ಹೋಗಬಹುದು. ನನ್ನ ಮೂಲ ಫೈಲ್, ಮೂರು ತಿದ್ದುಪಡಿಗಳು, ರೀಮ್ಯಾಪ್‌ಗೆ ಮುಂಚಿನ ಲಾಗ್ ಎಲ್ಲವೂ ಆರ್‌ಸಿ ಮತ್ತು ವಿಮಾ ಪತ್ರದ ಜೊತೆ ಒಂದೇ ಲಕೋಟೆಯಲ್ಲಿವೆ. ಮುಂದೆ ಈ ಕಾರನ್ನು ಮಾರಿದರೆ ಆ ಲಕೋಟೆ ಕೊಂಡವರಿಗೇ ಹೋಗುತ್ತದೆ.